ವಾರ ವಾರ ಟೆಸ್ಟ್ ಬಿಟ್ಟು ಲೆಕ್ಕ ಕಲಿಸೋದು ಹೇಗೆ? ಮಂಡ್ಯ ಕಡೆ ಸರ್ಕಾರಿ ಸ್ಕೂಲ್ ಟೀಚರ್‌ಗಳಿಗೆ

ಮೊದಲು ನಿಮ್ಮ ಸ್ಕೂಲಲ್ಲಿ ವರ್ಷಕ್ಕೆ ಎಷ್ಟು ಟೆಸ್ಟ್ ನಡೆಯುತ್ತೆ ಅಂತ ಒಂದು ಹಾಳೆ ಮೇಲೆ ಬರೀರಿ. ನಾಲ್ಕು ಎಫ್‌ಎ (ವರ್ಷದ ನಡುನಡುವೆ ಮಾಡೋ ಸಣ್ಣ ಮೌಲ್ಯಮಾಪನ), ಎರಡು ಎಸ್‌ಎ (ಅರ್ಧವರ್ಷದ ಕೊನೇಲಿ ಬರೋ ದೊಡ್ಡ ಪರೀಕ್ಷೆ) ಶಿಕ್ಷಣ ಇಲಾಖೆದು, ಅದನ್ನ ಮುಟ್ಟಕ್ಕಾಗಲ್ಲ. ಆದ್ರೆ ಶನಿವಾರದ ಟೆಸ್ಟು, ಎಸ್‌ಎಗೆ ಮುಂಚೆ ಇನ್ನೊಂದು, ಇವೆಲ್ಲ ನಾವೇ ಸೇರಿಸ್ಕೊಂಡಿರೋದು ಕಣ್ರೀ, ರಿವಿಷನ್ನು, ಬರೆಸೋದು, ತಿದ್ದೋದು, ರಿಜಿಸ್ಟರ್‌ಗೆ ಏರಿಸೋದು ಅಂತ ಪಾಠದ ಪೀರಿಯಡ್‌ಗಳೆಲ್ಲ ಅದಕ್ಕೇ ಹೋಗ್ಬಿಡುತ್ತೆ. ಹೆಡ್‌ಮಾಸ್ಟರ್ ಜೊತೆ ಕೂತು ಅವನ್ನ ತೆಗೀರಿ.

ಉಳಿದ ಟೈಮಲ್ಲಿ ದಿನಾ ಇಬ್ಬರು ಮಕ್ಕಳ ಪಕ್ಕ ಕೂತು ಒಂದೇ ಪ್ರಶ್ನೆ ಕೇಳಿ, ಹೇಗೆ ಮಾಡ್ದೆ? ನನ್ನ ನಾಲ್ಕನೇ ಕ್ಲಾಸಲ್ಲಿ ಒಬ್ಳು 52ರಲ್ಲಿ 27 ಕಳೆದು 35 ಅಂತ ಬರೀತಿದ್ಲು, ನಾನು ಪ್ರತಿ ಟೆಸ್ಟಲ್ಲೂ ತಪ್ಪು ಅಂತ ಗೀಟು ಎಳೀತಿದ್ದೆ. ಕೇಳಿದ್ಮೇಲೆ ಗೊತ್ತಾಗಿದ್ದು, "ಮಿಸ್, ಎರಡ್ರಲ್ಲಿ ಏಳು ಹೋಗಲ್ವಲ್ಲ, ಅದಕ್ಕೆ ಏಳ್ರಲ್ಲಿ ಎರಡು ಕಳೆದೆ" ಅಂದ್ಲು. ಪೊರಕೆ ಕಡ್ಡಿನ ಹತ್ತತ್ತು ಮಾಡಿ ರಬ್ಬರ್ ಬ್ಯಾಂಡ್ ಹಾಕಿ ಐದು ಕಟ್ಟು, ಎರಡು ಬಿಡಿ ಕೈಗೆ ಕೊಟ್ಟೆ, ಈಗ ಏಳು ಬಿಡಿ ಕಡ್ಡಿ ಕೊಡವ್ವ ಅಂದೆ. ಸ್ವಲ್ಪ ಹೊತ್ತು ನೋಡ್ತಾ ಇದ್ದು ತಾನೇ ಒಂದು ಕಟ್ಟು ಬಿಚ್ಚಿದ್ಲು. ದಶಕ ತಗೊಳ್ಳೋದು ಅಂದ್ರೆ ಅಷ್ಟೇ, ಅದನ್ನ ಅಷ್ಟು ಟೆಸ್ಟ್ ಬರೆಸಿದ್ರೂ ನಾನು ಕಲಿಸಿರ್ಲಿಲ್ಲ ಅಂತ ಇವತ್ತಿಗೂ ಬೇಜಾರಿದೆ.

ಭಿನ್ನರಾಶಿಗೆ ಮುದ್ದೆ ಸಾಕು. ಒಂದು ಮುದ್ದೆನ ಮೂರು ಜನಕ್ಕೆ ಹಂಚಿದ್ರೆ ಜಾಸ್ತಿ ಸಿಗುತ್ತಾ ನಾಲ್ಕು ಜನಕ್ಕಾ ಅಂತ ಕೇಳಿ, ಆಮೇಲೆ ಬೋರ್ಡ್ ಮೇಲೆ 1/3, 1/4 ಬರೀರಿ.

ಎಲ್ಲರನ್ನೂ ಒಂದೇ ಪಾಠದಲ್ಲಿ ಎಳೀಬೇಡಿ. ನಮ್ಮ ಪಕ್ಕದ ಮೈಸೂರು ಜಿಲ್ಲೆ ಹೆಚ್.ಡಿ.ಕೋಟೆಲಿ 1995ರಲ್ಲಿ ಶುರುವಾದ ನಲಿ-ಕಲಿ ಅನ್ನೋ ಚಟುವಟಿಕೆ ಪದ್ಧತಿಲಿ ಪ್ರತಿ ಮಗುನೂ ತನ್ನ ಮೆಟ್ಟಿಲಲ್ಲೇ ಹತ್ತುತ್ತೆ, ಅದನ್ನ ಮೂರನೇ ಕ್ಲಾಸಿಗೇ ಯಾಕೆ ನಿಲ್ಲಿಸ್ಬೇಕು? ನಾಲ್ಕು, ಐದಕ್ಕೂ ಕೂಡೋದು ಬರೋರು, ಕಳೆಯೋದು ಬರೋರು ಅಂತ ಗುಂಪು ಮಾಡಿ, ತಿಂಗಳಿಗೊಮ್ಮೆ ಬದಲಾಯಿಸಿ.

ಟೆಸ್ಟ್ ಯಾಕಿಲ್ಲ ಅಂತ ಅಪ್ಪ ಅಮ್ಮಂದಿರು ಕೇಳೇ ಕೇಳ್ತಾರೆ. ಎಸ್‌ಡಿಎಂಸಿ (ಪೋಷಕರೂ ಇರೋ ಶಾಲಾ ಸಮಿತಿ) ಮೀಟಿಂಗ್‌ಗೆ ಅಂಕಪಟ್ಟಿ ಬದಲು ಮಗುವಿನ ಜೂನ್ ನೋಟ್‌ಬುಕ್ಕು, ಈಗಿನ ನೋಟ್‌ಬುಕ್ಕು ಎರಡೂ ತಗೊಂಡೋಗಿ, ಪಕ್ಕ ಪಕ್ಕ ತೆಗೆದಿಟ್ಟು, ಮಗು ಕೈಲೇ ಒಂದು ಲೆಕ್ಕ ವಿವರಿಸಿ ಹೇಳಿಸಿ.