ಶುಗರ್ ಒಂದೇ 118, ಆಳು ಬೇರೆ: ಹೋಮಾ ಲೆಕ್ಕ ಹಾಕಿದ ನನ್ನ ಅನುಭವ

ಖಾಲಿ ಹೊಟ್ಟೆಯ ಇನ್ಸುಲಿನ್ ನೋಡಿ ಶುಗರ್ ಯಾಕೆ ಏರಿದೆ ಅಂತ ಏನೂ ಹೇಳೋಕಾಗಲ್ಲ ಅಂತ ಬಹಳ ಜನ ಅಂದರು. ಅದೊಂದನ್ನೇ ನೋಡಿದರೆ ಅವರ ಮಾತು ಸರಿ. ಶುಗರ್, ವಯಸ್ಸು, ಸೊಂಟದ ಸುತ್ತಳತೆ ಪಕ್ಕದಲ್ಲಿಟ್ಟುಕೊಂಡರೆ ಹೇಳಬಹುದು. ತಾಲ್ಲೂಕು ಲ್ಯಾಬಿನಲ್ಲಿ, ಇನ್ಸುಲಿನ್ ಅಳೆಯೋಕೆ ಒಂದು ಹಳೇ ಎಲೈಸಾ ರೀಡರ್ ಇಟ್ಟುಕೊಂಡು, ಇನ್ನೂರು ಚಿಲ್ಲರೆ ಜನರ ಲೆಕ್ಕ ಮಾಡಿದ ಮೇಲೆ ಧೈರ್ಯವಾಗಿ ಬರೀತಿದ್ದೀನಿ.

ಸೂತ್ರ ಹೊಸದಲ್ಲ, 1985ರ ಆಕ್ಸ್‌ಫರ್ಡಿನ ಹೋಮಾ. ಇನ್ಸುಲಿನ್ನನ್ನು ಶುಗರ್‌ನಿಂದ ಗುಣಿಸಿ 405ರಿಂದ ಭಾಗಿಸಿದರೆ ಐಆರ್, ಅಂದರೆ ಇನ್ಸುಲಿನ್ ಮಾತಿಗೆ ಮೈ ಬಗ್ಗದಿರೋ ರೆಸಿಸ್ಟೆನ್ಸ್. ಇನ್ಸುಲಿನ್ನನ್ನು 360ರಿಂದ ಗುಣಿಸಿ, ಶುಗರ್‌ನಲ್ಲಿ 63 ಕಳೆದು ಉಳಿದದ್ದರಿಂದ ಭಾಗಿಸಿದರೆ ಬಿ, ಅಂದರೆ ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸೋ ಬೀಟಾ ಕೋಶ ಎಷ್ಟು ಶೇಕಡಾ ದುಡೀತಿದೆ ಅನ್ನೋದು. ಹೆಚ್ಚಿನವರು ಐಆರ್ ಬರೆದು ಪೆನ್ನು ಮುಚ್ಚಿಬಿಡ್ತಾರೆ. ತಪ್ಪೋದೇ ಅಲ್ಲಿ.

ಇಬ್ಬರನ್ನು ನೋಡಿ, ಇಬ್ಬರದೂ ಶುಗರ್ 118. ಒಬ್ಬರಿಗೆ 36 ವಯಸ್ಸು, ಸೊಂಟ 102 ಸೆಂ.ಮೀ., ಇನ್ಸುಲಿನ್ 24. ಐಆರ್ 7, ಬಿ 157. ಇನ್ನೊಬ್ಬರಿಗೆ 67, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 20, ಸೊಂಟ 78, ಇನ್ಸುಲಿನ್ 5. ಐಆರ್ ಒಂದೂವರೆಗೂ ಕಮ್ಮಿ, ಬಿ ಬರೀ 33. ಮೊದಲನೆಯವರ ಮೇದೋಜೀರಕ ಒಂದೂವರೆ ಪಟ್ಟು ದುಡಿದರೂ ಸಾಲ್ತಿಲ್ಲ. ಎರಡನೆಯವರದು ದುಡಿಯೋದನ್ನೇ ಬಿಡ್ತಿದೆ. ಇಬ್ಬರ ಚೀಟಿಯಲ್ಲೂ ‘ತೂಕ ಇಳಿಸಿ’ ಅಂತ ಬರೆದರೆ ಹಿರಿಯರ ಮೈಯಲ್ಲಿ ಅಳಿದುಳಿದ ಮಾಂಸಖಂಡವೂ ಹೋಗುತ್ತೆ.

ವಯಸ್ಸಾದಂತೆ ರೆಸಿಸ್ಟೆನ್ಸ್ ಏರುತ್ತೆ ಅನ್ನೋದು ಅರ್ಧ ನಿಜ. ಸೊಂಟ ಒಂದೇ ಅಳತೆ ಇರೋರನ್ನು ಮಾತ್ರ ಸಾಲಾಗಿ ಜೋಡಿಸಿದಾಗ ಆ ಏರಿಕೆಯಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಏರಿಸಿದ್ದು ಹೊಟ್ಟೆಯ ಕೊಬ್ಬು. ವಯಸ್ಸು ತನ್ನ ಪಾಲಿಗೆ ಇಳಿಸಿದ್ದು ಸ್ರವಿಕೆಯನ್ನು.

ಇನ್ನು ದುಡ್ಡಿನ ವಿಷಯ. 96 ವೆಲ್ಲಿನ (ಪುಟ್ಟ ಗುಳಿಗಳ) ಇನ್ಸುಲಿನ್ ಕಿಟ್‌ಗೆ ಹದಿನೆಂಟು ಸಾವಿರದ ಆಸುಪಾಸು ಕೊಟ್ಟ ನೆನಪು. ಸ್ಟ್ಯಾಂಡರ್ಡ್, ಕಂಟ್ರೋಲ್ ಎಲ್ಲಾ ಜೋಡಿ ಜೋಡಿಯಾಗಿ ಹಾಕಿದರೆ 16 ವೆಲ್ ಅಲ್ಲೇ ಮುಗೀತು. ಉಳಿದದ್ದರಲ್ಲಿ ಒಬ್ಬರಿಗೆ ಎರಡರಂತೆ 40 ಜನ, ತಲೆಗೆ 450 ರೂಪಾಯಿ. ನಲವತ್ತು ಜನ ಸೇರೋವರೆಗೆ ಸೀರಮ್ಮನ್ನು (ರಕ್ತದ ತಿಳಿಯನ್ನು) ಮೈನಸ್ 20ರಲ್ಲಿ ಇಡಬೇಕು. ಮನೆ ಫ್ರಿಜ್ಜಿನ ಫ್ರೀಜರ್ ಬೇಡವೇ ಬೇಡ. ಫ್ರಾಸ್ಟ್-ಫ್ರೀ ಅಂದರೆ ಐಸ್ ಕಟ್ಟದ ಹಾಗೆ ಆಗಾಗ ತಾನೇ ಬಿಸಿ ಮಾಡಿಕೊಳ್ಳೋ ಯಂತ್ರ, ಸೀರಮ್ ಪ್ರತಿ ಸಲ ಕರಗಿ ಹೆಪ್ಪುಗಟ್ಟುತ್ತೆ. ಒಂದು ಪೂರ್ತಿ ಪ್ಲೇಟು ಹೀಗೇ ಕಸದ ಬುಟ್ಟಿಗೆ ಹೋಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಶುಗರ್ ಟ್ಯೂಬು. ಬೂದು ಮುಚ್ಚಳದಲ್ಲಿ ಫ್ಲೋರೈಡ್ ಇದೆಯಲ್ಲ ಅಂತ ಎರಡು ಗಂಟೆ ಹಾಗೇ ಬಿಟ್ಟಿದ್ದೆವು. ಫ್ಲೋರೈಡ್ ಕೂಡಲೇ ಹಿಡಿಯೋದಿಲ್ಲ, ಮೊದಲ ಒಂದೆರಡು ಗಂಟೆ ರಕ್ತಕಣ ಸಕ್ಕರೆ ತಿಂತಾನೇ ಇರುತ್ತೆ. 92 ಇದ್ದದ್ದು 83 ಆಯಿತು ಅಂದುಕೊಳ್ಳಿ, ಇನ್ಸುಲಿನ್ 9. ಐಆರ್ 2ರಿಂದ 1.8ಕ್ಕೆ ಬರುತ್ತೆ, ಯಾರ ಕಣ್ಣಿಗೂ ಬೀಳಲ್ಲ. ಬಿ ಮಾತ್ರ 112ರಿಂದ 162ಕ್ಕೆ ಹಾರುತ್ತೆ, ಕೆಳಗಡೆ 63 ಕಳೀತೀವಲ್ಲ, ಅದರಿಂದ. ಈಗ ರಕ್ತ ತೆಗೆದ ಅರ್ಧ ಗಂಟೆಯೊಳಗೆ ಸೆಂಟ್ರಿಫ್ಯೂಜ್ ಕಡ್ಡಾಯ. ಇದೇ ಕಾರಣಕ್ಕೆ ಶುಗರ್ 75ರ ಕೆಳಗಿದ್ದರೆ ಬಿ ಬರೆಯೋದನ್ನೇ ಬಿಟ್ಟಿದ್ದೀವಿ. ಗ್ಲೂಕೋಮೀಟರ್ ಅಂಕಿಯಿಂದಲೂ ಬಿ ತೆಗೆದು ನೋಡಿದೆವು, ತಮಾಷೆಯಾಗಿತ್ತು.

ಸೀರಮ್ ಕೆಂಪಗಿದ್ದರೆ ಚೆಲ್ಲಿ, ಇನ್ನೊಮ್ಮೆ ಚುಚ್ಚಿ. ಒಡೆದ ಕೆಂಪು ಕಣದಿಂದ ಬರೋ ಕಿಣ್ವ ಇನ್ಸುಲಿನ್ನನ್ನು ಕತ್ತರಿಸುತ್ತೆ, ದಪ್ಪಗಿರೋರಿಗೂ ಒಳ್ಳೇ ಐಆರ್ ಬಂದುಬಿಡುತ್ತೆ. ಸಿ-ಪೆಪ್ಟೈಡ್‌ಗೆ (ಇನ್ಸುಲಿನ್ ಜೊತೆಗೇ ಮೇದೋಜೀರಕದಿಂದ ಬರೋ ತುಣುಕು) ಈ ಕಾಟ ಕಮ್ಮಿ, ಆದರೆ ಕಿಟ್ ದುಬಾರಿ. ಇನ್ಸುಲಿನ್ ಚುಚ್ಚಿಕೊಳ್ಳೋರಿಗೆ ಮಾತ್ರ ಅದನ್ನು ಇಟ್ಟುಕೊಂಡಿದ್ದೀವಿ, ಅವರಲ್ಲಿ ಹೋಮಾ ಹೇಗೂ ಸುಳ್ಳು ಹೇಳುತ್ತೆ.

ಟೇಪು ಸೀರೆ ನೆರಿಗೆಯ ಮೇಲೆ ಹಿಡಿದರೆ ನಾಲ್ಕೈದು ಸೆಂ.ಮೀ. ಜಾಸ್ತಿ ಬರುತ್ತೆ. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುಮಧ್ಯೆ, ಉಸಿರು ಬಿಟ್ಟ ಮೇಲೆ, ಚರ್ಮದ ಮೇಲೇ ಅಳೀಬೇಕು. ಗಂಡಸರಿಗೆ 90, ಹೆಂಗಸರಿಗೆ 80 ನಮ್ಮವರ ಮಿತಿ. ಬಿಎಂಐ ನಂಬಿ ಕೂತರೆ ಏನಾಗುತ್ತೆ ಅನ್ನೋದಕ್ಕೆ ಪುಣೆಯ ವೈದ್ಯ ಯಾಜ್ಞಿಕ್ 2004ರಲ್ಲಿ ತಮ್ಮನ್ನೇ ತೋರಿಸಿದ್ದರು. ಅವರದೂ ಲಂಡನ್ನಿನ ಯುಡ್ಕಿನ್ನರದೂ ಬಿಎಂಐ 22.3, ಕೊಬ್ಬು ಮಾತ್ರ ಶೇ. 21.2 ಮತ್ತು 9.1.

ಔಷಧದ ಮಾತು ಬಂದಾಗ ಅಮೆರಿಕದ 2002ರ ಡಿಪಿಪಿಯನ್ನು, ಅಂದರೆ ಮಧುಮೇಹ ತಡೆಯೋ ಅಧ್ಯಯನವನ್ನು, ಎಲ್ಲರೂ ಎತ್ತಿಕೊಳ್ತಾರೆ. ಅದರಲ್ಲಿ 60 ದಾಟಿದವರಿಗೆ ಮೆಟ್‌ಫಾರ್ಮಿನ್ ಹೆಚ್ಚುಕಮ್ಮಿ ಖಾಲಿ ಮಾತ್ರೆಯಷ್ಟೇ ಕೆಲಸ ಮಾಡಿತು, ನಡಿಗೆ ಮತ್ತು ಊಟದ ಪಥ್ಯ ಶೇ. 71ರಷ್ಟು ತಡೆಯಿತು. ಆದರೆ ಅಲ್ಲಿ ಸೇರಿಸಿಕೊಂಡದ್ದು ತೂಕ ಜಾಸ್ತಿ ಇರೋರನ್ನು. ಬಿಎಂಐ 20ರ ನಮ್ಮ ಹಿರಿಯರನ್ನು ಬಾಗಿಲಲ್ಲೇ ವಾಪಸ್ ಕಳಿಸ್ತಿದ್ದರು. ಅವರಿಗೆ ಪ್ರೋಟೀನು, ಭಾರ ಎತ್ತೋ ವ್ಯಾಯಾಮ, ಮೂರು ತಿಂಗಳಿಗೊಮ್ಮೆ ಶುಗರ್. ಬಿ ಇನ್ನೂ ಜಾರಿದರೆ, ಮೈಯೇ ಬೀಟಾ ಕೋಶದ ಮೇಲೆ ತಿರುಗಿ ಬಿದ್ದಿದೆಯಾ ಅಂತ ನೋಡೋ ಗ್ಯಾಡ್ ಆ್ಯಂಟಿಬಾಡಿ, ಮೇದೋಜೀರಕದ ಸ್ಕ್ಯಾನು.

ಯಾವ ವಯಸ್ಸಿಗೆ ಬಿ ಎಷ್ಟಕ್ಕೆ ಗೆರೆ ಎಳೆದಿದ್ದೀವಿ ಅನ್ನೋದನ್ನು ಬರೆಯಲ್ಲ. ಕಿಟ್ ಬದಲಾದರೆ ಗೆರೆಯೂ ಬದಲಾಗುತ್ತೆ, ಊರಿನ ಐವತ್ತು ಆರೋಗ್ಯವಂತರನ್ನು ಕೂರಿಸಿ ನೀವೇ ಎಳೆದುಕೊಳ್ಳಿ. ಕಿಟ್‌ಗೆ ದುಡ್ಡಿಲ್ಲದವರು ಟ್ರೈಗ್ಲಿಸರೈಡನ್ನು ಶುಗರ್‌ನಿಂದ ಗುಣಿಸಿ, ಅರ್ಧ ಮಾಡಿ, ಕ್ಯಾಲ್ಕುಲೇಟರಿನಲ್ಲಿ ಎಲ್‌ಎನ್ ಒತ್ತಿ. 180, 98 ಇದ್ದರೆ 9.1 ಹತ್ತಿರ ಬರುತ್ತೆ. ರೆಸಿಸ್ಟೆನ್ಸಿಗೆ ಅದು ಸಾಕು, ಸ್ರವಿಕೆಯ ಬಗ್ಗೆ ಅದು ಬಾಯಿ ಬಿಡಲ್ಲ. ಕೂದಲು ಉದುರುತ್ತೆ ಅಂತ ಬಯೋಟಿನ್ ನುಂಗೋರನ್ನು ಮೂರು ದಿನ ನಿಲ್ಲಿಸಿ ಕರೆಸಿ. ಕಿಟ್‌ನಲ್ಲಿ ಬಯೋಟಿನ್ನಿಗೆ ಅಂಟೋ ಸ್ಟ್ರೆಪ್ಟಾವಿಡಿನ್ ಇದ್ದರೆ ಅವರ ಇನ್ಸುಲಿನ್ ಕಮ್ಮಿ ತೋರಿಸುತ್ತೆ, 36ರ ಹುಡುಗಿ 67ರ ಸಾಲಿಗೆ ಬಂದು ನಿಲ್ತಾಳೆ.