ಮೂತಿಯ ಹತ್ತಿರ ಮುರಿಯುತ್ತಿದ್ದ ತೇಗದ ಪಟ್ಟಿ

ಟ್ರಿಂಕಾಮಲಿ ಯುದ್ಧನೌಕೆಯ ಮಾದರಿ ಮಾಡುತ್ತಿದ್ದೇನೆ. 1817ರಲ್ಲಿ ಬಾಂಬೆಯಲ್ಲಿ ವಾಡಿಯಾ ಮನೆತನದವರು ತೇಗದಲ್ಲಿ ಕಟ್ಟಿದ ಹಾಯಿಹಡಗು ಅದು. ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿದೆ. ಅದಕ್ಕೇ ನಾನೂ ತೇಗವನ್ನೇ ಹಿಡಿದೆ.

ಮೂತಿಯ, ಅಂದರೆ ಮುಂತುದಿಯ ಹತ್ತಿರ ಹಡಗು ಗುಂಡಗೆ ತಿರುಗುತ್ತದೆ. ಅಲ್ಲಿ ಹೊರಮೈಗೆ ಹೊದಿಸುವ 1.5 ಮಿ.ಮೀ. ದಪ್ಪದ ಪಟ್ಟಿ ಬಗ್ಗಿಸಿದರೆ ಟಪ್ ಅಂತ ಮುರಿಯುತ್ತಿತ್ತು. ಒಂದೇ ಸಂಜೆ ಏಳು ಪಟ್ಟಿ ಹೋದವು. ತುಂಬಾ ಬೇಜಾರಾಯಿತು.

ಮೈಸೂರಿನಲ್ಲಿ ಬೀಟೆಮರದ ಇನ್‌ಲೇ (ಮರ ಕೊರೆದು ಬೇರೆ ತುಂಡು ಕೂರಿಸುವ) ಕೆಲಸ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. "ನಾರು ಓರೆ ಹೋಗಿದೆ ನೋಡಪ್ಪ. ಜೊತೆಗೆ ಒಣಗಿದ್ದನ್ನೇ ಬಗ್ಗಿಸ್ತಿದ್ದೀಯ" ಅಂದರು. ಮುರಿದ ತುದಿ ನೋಡಿಯೇ ಹೇಳಿಬಿಟ್ಟರು!

ನಾರು ನೇರ ಇರುವ ಪಟ್ಟಿಗಳನ್ನಷ್ಟೇ ಆರಿಸಿದೆ. ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿದೆ. ಬಿಸಿ ಸೋಲ್ಡರಿಂಗ್ ಐರನ್ನಿಗೆ ಒತ್ತಿ ನಿಧಾನವಾಗಿ ಬಗ್ಗಿಸಿದೆ. ಬಟ್ಟೆ ಕ್ಲಿಪ್ ಹಾಕಿ ರಾತ್ರಿಯಿಡೀ ಬಿಟ್ಟೆ. ಅಂಟು ಹಾಕಿದ್ದು ಪೂರ್ತಿ ಒಣಗಿದ ಮೇಲೆಯೇ. ಒದ್ದೆ ಮರ ಆಮೇಲೆ ಕುಗ್ಗಿ ಸಂದು ಬಿಡುತ್ತದೆ.

ಜಾಸ್ತಿ ಫಲ ಕೊಟ್ಟದ್ದು ಇನ್ನೊಂದು. ಮೂತಿಯ ಕಡೆ ಪಟ್ಟಿಯ ಅಗಲವನ್ನು 5 ಮಿ.ಮೀ.ನಿಂದ 3ಕ್ಕೆ ಹೆರೆದೆ. ಅಲ್ಲಿ ಜಾಗ ಕಡಿಮೆ ಅಲ್ವಾ, ಹೆರೆಯದಿದ್ದರೆ ಒಂದರ ಮೇಲೊಂದು ಏರುತ್ತವೆ. ಎಡಬದಿಯಲ್ಲಿ ಒಂಬತ್ತು ಪಟ್ಟಿ ಕೂತಿವೆ. ಒಂದೂ ಬಿರಿದಿಲ್ಲ. ನಾಳೆ ಬಲಬದಿ ಶುರು.