ಗ್ರಾಫಿಕ್ಸ್ ಕಾರ್ಡ್‌ನ ‘ಕೀಂ’ ಸದ್ದು: ನಾನು ಇಳಿಸಿದ್ದು ಹೀಗೆ

ನಾನು ಹೈಸ್ಕೂಲ್ ಮಕ್ಕಳಿಗಾಗಿ ಕನ್ನಡದಲ್ಲಿ ಭೌತಶಾಸ್ತ್ರದ ವಿಡಿಯೊ ಪಾಠ ಮಾಡುತ್ತೇನೆ. ಪರದೆಯ ಮೇಲೆ ಗ್ರಹಗಳು ಸುತ್ತುತ್ತಿರುತ್ತವೆ, ಲೋಲಕ ತೂಗುತ್ತಿರುತ್ತದೆ. ನಾನು ಮೈಕ್ ಮುಂದೆ ಕೂತು ವಿವರಿಸುತ್ತಾ ಹೋಗುತ್ತೇನೆ. ಆ ಚಿತ್ರಗಳನ್ನೆಲ್ಲ ಗ್ರಾಫಿಕ್ಸ್ ಕಾರ್ಡ್ ಅಲ್ಲೇ ಆ ಕ್ಷಣದಲ್ಲೇ ಬರೆಯುತ್ತಿರುತ್ತದೆ. 220 ವ್ಯಾಟ್‌ನ ಹೊಸ ಕಾರ್ಡ್ ಹಾಕಿದ ಮೇಲೆ ರೆಕಾರ್ಡಿಂಗ್‌ನಲ್ಲಿ ಸಣ್ಣಗೆ ‘ಕೀಂ’ ಅನ್ನುವ ಸದ್ದು ಸೇರಿಕೊಳ್ಳತೊಡಗಿತು. ಗ್ರಹಗಳನ್ನು ನಿಲ್ಲಿಸಿದರೆ ಸದ್ದೂ ನಿಲ್ಲುತ್ತಿತ್ತು.

ರೆಕಾರ್ಡ್ ಮಾಡಿದ ಮೇಲೆ ಸದ್ದು ತೆಗೆಯುವ ಸಾಫ್ಟ್‌ವೇರ್ ಇದೆ, ಅದನ್ನೇ ಬಳಸಬಹುದಲ್ಲ ಅಂತ ಕೇಳುತ್ತಾರೆ. ಬಳಸಿ ನೋಡಿದೆ. ಈ ಕೀರಲು ಸದ್ದು ಇರುವುದು ಕೆಲವು ಸಾವಿರ ಹರ್ಟ್ಜ್‌ನಲ್ಲಿ. ನಮ್ಮ ಸ, ಶ, ಚ ಅಕ್ಷರಗಳ ಜೀವ ಇರುವುದೂ ಸುಮಾರು ಅದೇ ಜಾಗದಲ್ಲಿ. ಸದ್ದು ತೆಗೆದರೆ ‘ಸಮಯ’ ಅನ್ನುವಾಗಿನ ಸಕಾರ ಮಂಕಾಗುತ್ತದೆ. ಹಳ್ಳಿಯಲ್ಲಿ ಮೊಬೈಲ್‌ನ ಸಣ್ಣ ಸ್ಪೀಕರ್‌ನಲ್ಲಿ ಕೇಳುವ ಮಗುವಿಗೆ ಅದು ಇನ್ನೂ ಮಂಕು. ಹಾಗಾಗಿ ಸದ್ದನ್ನು ಹುಟ್ಟುವ ಜಾಗದಲ್ಲೇ ಕಡಿಮೆ ಮಾಡಬೇಕು ಅಂತ ಕೂತೆ.

ಇದಕ್ಕೆ ಕಾಯಿಲ್ ವೈನ್ ಅನ್ನುತ್ತಾರೆ. ಎಸ್‌ಎಂಪಿಎಸ್‌ನಿಂದ, ಅಂದರೆ ಕಂಪ್ಯೂಟರ್‌ಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಿಂದ, ಕಾರ್ಡ್‌ಗೆ ಬರುವುದು 12 ವೋಲ್ಟ್. ಒಳಗಿನ ಚಿಪ್‌ಗೆ ಬೇಕಾದದ್ದು ಸುಮಾರು 1 ವೋಲ್ಟ್, ಆದರೆ ಕರೆಂಟ್ ಮಾತ್ರ ನೂರು ಆಂಪಿಯರ್‌ಗೂ ಜಾಸ್ತಿ. ಈ ಇಳಿಸುವ ಕೆಲಸಕ್ಕೆ ಕಾರ್ಡ್ ಮೇಲೆ ಸಾಲಾಗಿ ಚೌಕಾಕಾರದ ಪುಟ್ಟ ಚೋಕ್‌ಗಳಿರುತ್ತವೆ. ಅಂದರೆ ಸುರುಳಿಗಳು. ಕರೆಂಟ್ ಏರಿಳಿದ ಹಾಗೆ ಅದರ ಕಾಂತಕ್ಷೇತ್ರವೂ ಏರಿಳಿಯುತ್ತದೆ, ತಂತಿ ಮತ್ತು ಅದರ ತಿರುಳು ತುಸುವೇ ಅದುರುತ್ತವೆ. ಹಳೆಯ ಟ್ಯೂಬ್‌ಲೈಟ್ ಪಟ್ಟಿಯೊಳಗಿನ ಚೋಕ್ ‘ಗುಂಯ್’ ಅನ್ನುತ್ತಿತ್ತಲ್ಲ, ಇದೂ ಅದೇ ಕುಲದ ಸದ್ದು. ಮನೆಯ ಕರೆಂಟ್ 50 ಹರ್ಟ್ಜ್, ಒಂದು ಸುತ್ತಿಗೆ ಎರಡು ಎಳೆತ, ಆದ್ದರಿಂದ ಅದರ ಗುಂಯ್ 100 ಹರ್ಟ್ಜ್. ಕಾರ್ಡ್‌ನಲ್ಲಿರುವ ಸೆರಾಮಿಕ್ ಕೆಪಾಸಿಟರ್‌ಗಳೂ ವೋಲ್ಟೇಜ್ ಬದಲಾದಾಗ ತುಸು ಹಿಗ್ಗಿ ಕುಗ್ಗಿ ದನಿಗೂಡಿಸುತ್ತವೆ.

ಇಲ್ಲಿ ಒಂದು ಪ್ರಶ್ನೆ ನನ್ನನ್ನು ಬಹಳ ಕಾಡಿತ್ತು. ಈ ವಿದ್ಯುತ್ ಸರ್ಕೀಟ್ ಆನ್ ಆಫ್ ಆಗುವುದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ. ನಮ್ಮ ಕಿವಿಯ ಮಿತಿ 20,000 ಹರ್ಟ್ಜ್. ಮತ್ತೆ ಕೇಳಿಸುವುದು ಹೇಗೆ? ಉತ್ತರ ಇರುವುದು ಕೆಲಸದ ಏರಿಳಿತದಲ್ಲಿ. ಕಾರ್ಡ್ ಒಂದು ಫ್ರೇಮ್, ಅಂದರೆ ಪರದೆಯ ಒಂದು ಬಿಡಿ ಚಿತ್ರ, ಬರೆಯಲು ಜೋರಾಗಿ ಕರೆಂಟ್ ಎಳೆಯುತ್ತದೆ, ಮುಗಿದ ಕೂಡಲೇ ಸಡಿಲ ಬಿಡುತ್ತದೆ, ಮತ್ತೆ ಎಳೆಯುತ್ತದೆ. ಸೆಕೆಂಡಿಗೆ 900 ಫ್ರೇಮ್ ಬರೆದರೆ ಸೆಕೆಂಡಿಗೆ 900 ಸಲ ಈ ಎಳೆತ. ಅದು ನೇರವಾಗಿ ಕಿವಿಯ ವ್ಯಾಪ್ತಿಯೊಳಗೇ ಬರುತ್ತದೆ. ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ದನಿಗಳೂ ಜೊತೆಗೆ ಹುಟ್ಟುತ್ತವೆ. ನಮ್ಮ ಕಿವಿ ಅತಿ ಚುರುಕಾಗಿರುವುದು 2,000ದಿಂದ 5,000 ಹರ್ಟ್ಜ್ ನಡುವೆ. ಸರಿಯಾಗಿ ಅಲ್ಲಿಗೇ ಬಂದು ಚುಚ್ಚುತ್ತವೆ.

ಇದನ್ನು ನಾನು ಕಣ್ಣಾರೆ ಕಂಡಿದ್ದು ಆಡಾಸಿಟಿ ಅನ್ನುವ ಧ್ವನಿ ಸಾಫ್ಟ್‌ವೇರ್‌ನಲ್ಲಿ. ಅದರಲ್ಲಿ ಧ್ವನಿಯನ್ನು ಸ್ಪೆಕ್ಟ್ರೋಗ್ರಾಮ್ ಆಗಿ, ಅಂದರೆ ಯಾವ ಹರ್ಟ್ಜ್‌ನಲ್ಲಿ ಎಷ್ಟು ಸದ್ದಿದೆ ಅಂತ ತೋರಿಸುವ ಚಿತ್ರವಾಗಿ ನೋಡಬಹುದು. ನನ್ನ ಗ್ರಹಗಳ ಚಿತ್ರ ತೀರಾ ಸರಳ. ಅದಕ್ಕೇ ಕಾರ್ಡ್ ಅದನ್ನು ಸೆಕೆಂಡಿಗೆ ನೂರಾರು ಸಲ ಸುಮ್ನೆ ಬರೆಯುತ್ತಿತ್ತು. ರೆಕಾರ್ಡಿಂಗ್‌ನಲ್ಲಿ ಮೇಲಿಂದ ಕೆಳಗೆ ಸಮಾನ ಅಂತರದಲ್ಲಿ ಅಡ್ಡ ಗೆರೆಗಳು ಕಂಡವು. ಚಿತ್ರದಲ್ಲಿ ಗ್ರಹಗಳ ಸಂಖ್ಯೆ ಹೆಚ್ಚಿಸಿದೆ. ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಬರೆಯುವ ಫ್ರೇಮ್‌ಗಳ ಸಂಖ್ಯೆ, ಇಳಿಯಿತು, ಗೆರೆಗಳೂ ಕೆಳಗೆ ಸರಿದವು. ಆಗ ಗೊತ್ತಾಯಿತು, ಇದು ಕೆಟ್ಟ ಭಾಗದ ಕಥೆ ಅಲ್ಲ. ನಾನು ಕಾರ್ಡ್‌ಗೆ ಯಾವ ಲಯದಲ್ಲಿ ಕೆಲಸ ಕೊಡುತ್ತೇನೋ ಅದೇ ಲಯ ಸದ್ದಾಗಿ ಹೊರಗೆ ಬರುತ್ತಿದೆ.

ಪರಿಹಾರಕ್ಕೆ ಕೈ ಹಾಕುವ ಮೊದಲು ಸದ್ದು ನಿಜವಾಗಿ ಎಲ್ಲಿಂದ ಬರುತ್ತಿದೆ ಅಂತ ಖಾತ್ರಿ ಮಾಡಿಕೊಳ್ಳಬೇಕು. ಕ್ಯಾಬಿನೆಟ್‌ನ ಪಕ್ಕದ ಗಾಜು ತೆಗೆದು, ರಟ್ಟಿನ ಉದ್ದ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಳಗಿನ ಭಾಗಗಳ ಹತ್ತಿರ ಹಿಡಿದು ಕೇಳಿದೆ. ಯಾವುದಕ್ಕೂ ತಾಗಿಸಬಾರದು, ಸುತ್ತುವ ಫ್ಯಾನ್‌ಗಂತೂ ಬೇಡವೇ ಬೇಡ. ಕಾರ್ಡ್ ಹತ್ತಿರ ಜೋರಾಯಿತು, ಎಸ್‌ಎಂಪಿಎಸ್ ಹತ್ತಿರ ಇಳಿಯಿತು. ಫ್ಯಾನ್ ವೇಗವನ್ನು ಕೈಯಾರೆ ಏರಿಳಿಸಿದಾಗ ಕೀರಲು ದನಿ ಬದಲಾಗಲಿಲ್ಲ. ಅಂದಮೇಲೆ ಫ್ಯಾನ್ ಬೇರಿಂಗ್ ಅಲ್ಲ.

ಇನ್ನೊಂದು ಸದ್ದನ್ನೂ ಜನ ಇದರ ಜೊತೆ ಕಲಸಿಬಿಡುತ್ತಾರೆ. ಹೆಡ್‌ಫೋನ್ ಹಾಕಿದಾಗ ಮಾತ್ರ ಕೇಳುವ ಸದ್ದು ಅದು. ಮೌಸ್ ಸರಿಸಿದರೆ ‘ಕಿರ್ ಕಿರ್’, ಹೆಡ್‌ಫೋನ್ ತೆಗೆದಿಟ್ಟರೆ ಏನೂ ಇಲ್ಲ. ಅದು ಗಾಳಿಯಲ್ಲಿ ಬರುವ ಸದ್ದಲ್ಲ. ಕಾರ್ಡ್ ಎಳೆಯುವ ಕರೆಂಟಿನ ಏರಿಳಿತ ಮದರ್‌ಬೋರ್ಡ್‌ನ ಆಡಿಯೊ ಭಾಗಕ್ಕೆ ವಿದ್ಯುತ್ ರೂಪದಲ್ಲೇ ನುಸುಳಿದ್ದು. ಅದಕ್ಕೆ ಮದ್ದು ಬೇರೆ. ಕ್ಯಾಬಿನೆಟ್‌ನ ಮುಂದಿನ ಜ್ಯಾಕ್ ಬಿಟ್ಟು ಹಿಂದಿನದಕ್ಕೆ ಹಾಕಿ ನೋಡಿ. ಹೋಗದಿದ್ದರೆ ಒಂದು ಯುಎಸ್‌ಬಿ ಸೌಂಡ್ ಕಾರ್ಡ್. ನನ್ನ ಮೈಕ್‌ನ ಇಂಟರ್‌ಫೇಸ್ ಮೊದಲೇ ಹೊರಗಿನದು. ಮೈಕ್ ವೈರ್ ಬಿಚ್ಚಿ ರೆಕಾರ್ಡ್ ಮಾಡಿದಾಗ ಗೆರೆಗಳು ಮಾಯವಾದವು. ಹಾಗಾಗಿ ನನ್ನದು ಗಾಳಿಯಲ್ಲಿ ಬರುವ ಸದ್ದೇ ಅಂತ ಗಟ್ಟಿಯಾಯಿತು.

ಮೊದಲು ಮಾಡಿದ್ದು ಎಫ್‌ಪಿಎಸ್‌ಗೆ ಮಿತಿ. ಇದಕ್ಕೆ ಕಾಸು ಖರ್ಚಿಲ್ಲ, ವಾರಂಟಿಗೆ ತೊಂದರೆ ಇಲ್ಲ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಮ್ಯಾನೇಜ್ ತ್ರೀಡಿ ಸೆಟ್ಟಿಂಗ್ಸ್’ ಒಳಗೆ ‘ಮ್ಯಾಕ್ಸ್ ಫ್ರೇಮ್ ರೇಟ್’ ಅಂತ ಇದೆ. 2020ರಿಂದ ಈ ಸೌಲಭ್ಯ ಡ್ರೈವರ್‌ನಲ್ಲೇ ಬರುತ್ತದೆ. ಎಎಂಡಿ ಕಾರ್ಡ್ ಇದ್ದವರಿಗೆ ಅವರ ಸಾಫ್ಟ್‌ವೇರ್‌ನಲ್ಲಿ ಇದೇ ಕೆಲಸಕ್ಕೆ ‘ರೇಡಿಯಾನ್ ಚಿಲ್’ ಇದೆ. ಯಾವ ಕಾರ್ಡ್ ಆದರೂ ‘ರಿವಾಟ್ಯೂನರ್’ ಅನ್ನುವ ಸಾಫ್ಟ್‌ವೇರ್ ಬಳಸಬಹುದು. ನನ್ನ ಮಾನಿಟರ್ 60 ಹರ್ಟ್ಜ್‌ನದು. ಅದಕ್ಕಿಂತ ಜಾಸ್ತಿ ಬರೆದ ಫ್ರೇಮ್‌ಗಳು ಪೂರ್ತಿಯಾಗಿ ಕಣ್ಣಿಗೆ ಬೀಳುವುದೇ ಇಲ್ಲ. ಮಿತಿಯನ್ನು 60ಕ್ಕೆ ಇಟ್ಟ ಕೂಡಲೇ ಕೀರಲು ಬಹುಪಾಲು ಬಿದ್ದುಹೋಯಿತು. ಎಳೆತಗಳ ಸಂಖ್ಯೆ ಇಳಿದಿತ್ತು, ಕಾರ್ಡ್ ಎಳೆಯುವ ಒಟ್ಟು ವಿದ್ಯುತ್ತೂ ಇಳಿದಿತ್ತು. ಅಷ್ಟು ಪುಟ್ಟ ಚೋಕ್ 60 ಹರ್ಟ್ಜ್‌ನ ದನಿಯನ್ನು ಗಾಳಿಗೆ ತಳ್ಳಲು ಶಕ್ತವೂ ಅಲ್ಲ.

ಗೇಮ್ ಆಡುವವರು 60 ಸಾಲದು ಅನ್ನಬಹುದು, ಸರಿಯೇ. ಅವರು ಮಾನಿಟರ್‌ನ ವೇಗಕ್ಕಿಂತ ಸ್ವಲ್ಪ ಕೆಳಗೆ ಮಿತಿ ಇಟ್ಟು, ಅಲ್ಲಿಂದ ಹತ್ತು ಹತ್ತೇ ಇಳಿಸುತ್ತಾ ಕಿವಿಗೊಟ್ಟು ಕೇಳಬೇಕು. ಪ್ರತಿ ಕಾರ್ಡ್‌ಗೂ ತನ್ನದೇ ಆದ ಒಂದೆರಡು ಸ್ವರ ಇರುತ್ತವೆ. ಎಳೆತದ ಲಯ ಆ ಸ್ವರಕ್ಕೆ ಕೂಡಿದರೆ ಸದ್ದು ಎದ್ದು ನಿಲ್ಲುತ್ತದೆ, ಅದನ್ನು ದಾಟಿದರೆ ತಣ್ಣಗಾಗುತ್ತದೆ. ಗೇಮ್‌ನ ಮೆನು ಪರದೆಯನ್ನು ಮರೆಯಬೇಡಿ. ಅಲ್ಲಿ ಬರೆಯಲು ಏನೂ ಇಲ್ಲದ್ದರಿಂದ ಮಿತಿ ಇಲ್ಲದ ಕಾರ್ಡ್ ಸಾವಿರ ಎಫ್‌ಪಿಎಸ್ ಮುಟ್ಟಿ ಚೀರುತ್ತದೆ.

ಆದರೆ ನನ್ನ ಕೆಲಸದ ಅರ್ಧ ಬ್ಲೆಂಡರ್ ಅನ್ನುವ ತ್ರೀಡಿ ಚಿತ್ರದ ಸಾಫ್ಟ್‌ವೇರ್‌ನಲ್ಲಿ. ಅಲ್ಲಿ ರೆಂಡರ್‌ಗೆ, ಅಂದರೆ ಚಿತ್ರದ ಅಂತಿಮ ರೂಪ ತೆಗೆಯಲು ಹಾಕಿದಾಗ ಈ ಮಿತಿ ನಡೆಯುವುದಿಲ್ಲ, ಕಾರ್ಡ್ ಇದ್ದಷ್ಟೂ ಶಕ್ತಿ ಹಾಕಿ ದುಡಿಯುತ್ತದೆ. ಮನೆಯ ಕಂಪ್ಯೂಟರ್‌ನಲ್ಲೇ ಪ್ರಶ್ನೆಗೆ ಉತ್ತರ ಬರೆಯುವ ಎಐ ಭಾಷಾ ಮಾದರಿ ಓಡಿಸುವವರದೂ ಇದೇ ಪಾಡು. ಉತ್ತರದ ಒಂದೊಂದು ತುಣುಕು ಹೊರಬರುವಾಗಲೂ ಕಾರ್ಡ್ ಚಿರ್ ಚಿರ್ ಅನ್ನುವುದು ಕೇಳಿಸುತ್ತದೆ. ಇಲ್ಲಿ ಬೇಕಾದದ್ದು ಅಂಡರ್‌ವೋಲ್ಟ್, ಅಂದರೆ ಚಿಪ್‌ನ ವೋಲ್ಟೇಜ್ ಇಳಿಸುವುದು. ಈ ಕೆಲಸ ನನಗೆ ಬಹಳ ಇಷ್ಟ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾರ್ಖಾನೆಯವರು ಪ್ರತಿ ಚಿಪ್‌ಗೂ ಸುರಕ್ಷತೆಗೆ ಅಂತ ತುಸು ಜಾಸ್ತಿಯೇ ವೋಲ್ಟೇಜ್ ಇಟ್ಟಿರುತ್ತಾರೆ. ವೋಲ್ಟೇಜ್ ಇಳಿದರೆ ವಿದ್ಯುತ್ ಅದಕ್ಕಿಂತ ಬೇಗ ಇಳಿಯುತ್ತದೆ, ಹೆಚ್ಚೂಕಡಿಮೆ ವೋಲ್ಟೇಜ್‌ನ ವರ್ಗಕ್ಕೆ ತಕ್ಕ ಹಾಗೆ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ತೆರೆದು ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಒಂದು ವಕ್ರರೇಖೆ ಬರುತ್ತದೆ. ಅಡ್ಡಕ್ಕೆ ಮಿಲಿವೋಲ್ಟ್, ಉದ್ದಕ್ಕೆ ಮೆಗಾಹರ್ಟ್ಜ್. ನನ್ನ ಕಾರ್ಡ್ ಭಾರದ ಕೆಲಸದಲ್ಲಿ 1,050 ಮಿಲಿವೋಲ್ಟ್ ಆಸುಪಾಸು ಹೋಗುತ್ತಿತ್ತು. ನಾನು 900 ಮಿಲಿವೋಲ್ಟ್ ಬಿಂದುವನ್ನು 1,800 ಮೆಗಾಹರ್ಟ್ಜ್‌ಗೆ ಎತ್ತಿದೆ. ಅದರ ಬಲಕ್ಕಿರುವ ಬಿಂದುಗಳನ್ನೆಲ್ಲ ಅದೇ ಮಟ್ಟಕ್ಕೆ ಇಳಿಸಿ ಗೆರೆಯನ್ನು ಚಪ್ಪಟೆ ಮಾಡಿದೆ. ಆಮೇಲೆ ಅಪ್ಲೈ. ಈಗ ಕಾರ್ಡ್ ಎಷ್ಟೇ ದುಡಿದರೂ 900 ದಾಟುವುದಿಲ್ಲ. 220 ವ್ಯಾಟ್ ಎಳೆಯುತ್ತಿದ್ದದ್ದು 180ರ ಒಳಗೆ ಬಂತು. ರೆಂಡರ್ ಸ್ವಲ್ಪವೇ ನಿಧಾನವಾಯಿತು, ದಿನದ ಕೆಲಸದಲ್ಲಿ ನನ್ನ ಗಮನಕ್ಕೆ ಬರುವಷ್ಟಲ್ಲ. ಕೀರಲು ಪೂರ್ತಿ ಹೋಗಲಿಲ್ಲ, ಆದರೆ ಚುಚ್ಚುವ ಗುಣ ಹೋಗಿ ಮೆಲುದನಿಯಾಯಿತು. ಜೊತೆಗೆ ಕಾರ್ಡ್ ತಂಪಾಗಿ ಫ್ಯಾನ್ ಸದ್ದೂ ಇಳಿಯಿತು. ನನಗೆ ಅದು ನಿರೀಕ್ಷಿಸದ ಲಾಭ.

ಈ ಅಂಕಿಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಒಂದೇ ಮಾಡೆಲ್‌ನ ಎರಡು ಕಾರ್ಡ್‌ಗೂ ಬೇರೆ ಬೇರೆ ಅಂಕಿ ಬೇಕಾಗಬಹುದು. ಚಿತ್ರದಲ್ಲಿ ಚುಕ್ಕಿ ಮೂಡಿದರೆ, ಡ್ರೈವರ್ ಬಿದ್ದುಹೋದರೆ ಇಪ್ಪತ್ತೈದು ಮಿಲಿವೋಲ್ಟ್ ಏರಿಸಿ ಅಥವಾ ಮೆಗಾಹರ್ಟ್ಜ್ ಇಳಿಸಿ. ಪರೀಕ್ಷೆಗೆ ನೀವು ದಿನವೂ ಮಾಡುವ ಕೆಲಸವನ್ನೇ ಗಂಟೆಗಟ್ಟಲೆ ಓಡಿಸಿ. ನಂಬಿಕೆ ಬಂದ ಮೇಲಷ್ಟೇ ಕಂಪ್ಯೂಟರ್ ಶುರುವಾದಾಗ ತಾನಾಗಿ ಅಪ್ಲೈ ಆಗುವ ಹಾಗೆ ಇಡಿ. ವಕ್ರರೇಖೆಯ ಸಹವಾಸ ಬೇಡ ಅನ್ನುವವರು ಅದೇ ಸಾಫ್ಟ್‌ವೇರ್‌ನಲ್ಲಿ ಪವರ್ ಲಿಮಿಟ್ ಅನ್ನು 80 ಪರ್ಸೆಂಟ್ ಹತ್ತಿರ ಇಳಿಸಿದರೂ ಒಳ್ಳೆಯ ಫಲ ಇದೆ. ಲಿನಕ್ಸ್‌ನಲ್ಲಿ ನಾನು ಎನ್‌ವಿಡಿಯಾ-ಎಸ್‌ಎಂಐ ಕಮಾಂಡ್‌ನಿಂದ ವ್ಯಾಟ್ ಮಿತಿ ಇಡುತ್ತೇನೆ. ರೀಸ್ಟಾರ್ಟ್ ಆದರೆ ಅದು ಹೋಗುತ್ತದೆ, ಮತ್ತೆ ಇಡಬೇಕು.

ಉಳಿದ ಸದ್ದಿಗೆ ಜಾಗ ಬದಲಾಯಿಸಿದೆ. ಎತ್ತರದ ದನಿ ನೇರವಾಗಿ ಹೋಗುತ್ತದೆ, ಅಡ್ಡ ಏನಾದರೂ ಸಿಕ್ಕರೆ ಬೇಗ ತಡೆಯಾಗುತ್ತದೆ. ಮೇಜಿನ ಮೇಲೆ ಕಿವಿಯ ಎತ್ತರಕ್ಕಿದ್ದ ಕ್ಯಾಬಿನೆಟ್ ಅನ್ನು ಮೇಜಿನ ಕೆಳಗೆ, ಆಚೆ ಬದಿಗೆ ಇಟ್ಟೆ. ಗಾಳಿ ಓಡಾಡಲು ಎಲ್ಲ ಕಡೆ ಜಾಗ ಬಿಟ್ಟೆ. ನನ್ನದು ಕಾರ್ಡಿಯಾಯ್ಡ್ ಮೈಕ್, ಅಂದರೆ ಅದರ ಬೆನ್ನ ಹಿಂದಿನ ಸದ್ದು ಅದಕ್ಕೆ ಅತಿ ಕಡಿಮೆ ಕೇಳುತ್ತದೆ. ಆ ಬೆನ್ನು ಕ್ಯಾಬಿನೆಟ್ ಕಡೆಗೆ ಬರುವ ಹಾಗೆ ಕೂರುವ ದಿಕ್ಕನ್ನೇ ತಿರುಗಿಸಿದೆ. ಇಷ್ಟಾದ ಮೇಲೆ ಸ್ಪೆಕ್ಟ್ರೋಗ್ರಾಮ್‌ನಲ್ಲಿ ಗೆರೆಗಳನ್ನು ಹುಡುಕಿ ನೋಡಬೇಕಾಯಿತು. ಈಗ ಸದ್ದು ತೆಗೆಯುವ ಸಾಫ್ಟ್‌ವೇರ್ ಬೇಕಿಲ್ಲ, ಸಕಾರ ಶಕಾರ ಎರಡೂ ತಮ್ಮ ತಮ್ಮ ದನಿಯಲ್ಲಿವೆ.

ಎಸ್‌ಎಂಪಿಎಸ್ ಬದಲಿಸಿದರೆ ಹೋಗುತ್ತದೆ ಅಂತ ಹಲವರು ಹೇಳುತ್ತಾರೆ. ಗೆಳೆಯನದನ್ನು ತಂದು ಹಾಕಿದೆ, ನನ್ನ ಕಾರ್ಡ್‌ನಲ್ಲಿ ಹೇಳುವಂಥ ವ್ಯತ್ಯಾಸ ಬರಲಿಲ್ಲ. ಎರವಲು ತಂದು ನೋಡದೆ ಇದಕ್ಕಾಗಿ ದುಡ್ಡು ಹಾಕಬೇಡಿ. ರಾತ್ರಿಯೆಲ್ಲ ಕಾರ್ಡ್ ಓಡಿಸಿದರೆ ಸದ್ದು ಪಳಗುತ್ತದೆ ಅನ್ನುವವರೂ ಇದ್ದಾರೆ. ಓಡಿಸುವ ಮೊದಲು ಮತ್ತು ಆಮೇಲಿನ ರೆಕಾರ್ಡಿಂಗ್ ಎರಡನ್ನೂ ಅಕ್ಕಪಕ್ಕ ಇಟ್ಟೆ, ಗೆರೆಗಳು ಇದ್ದ ಹಾಗೇ ಇದ್ದವು. ಕರೆಂಟ್ ಹೋಗಿ ಯುಪಿಎಸ್ ಮೇಲೆ ಓಡುವಾಗ ಬರುವ ಗುಂಯ್ ಮಾತ್ರ ಬೇರೆ ಜಾತಿ. ಅಗ್ಗದ ಯುಪಿಎಸ್ ಕೊಡುವ ಒರಟು ಅಲೆಗೆ ಎಸ್‌ಎಂಪಿಎಸ್ ಹಾಗೆ ಗೊಣಗುತ್ತದೆ, ಕರೆಂಟ್ ಬಂದ ಮೇಲೆ ನಿಲ್ಲುತ್ತದೆ.

ಚೋಕ್‌ಗೆ ಅಂಟು ಅಥವಾ ಎಪಾಕ್ಸಿ ಹಾಕುವ ವಿಧಾನದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ವಾರಂಟಿ ಇರುವ ಕಾರ್ಡ್‌ಗೆ ಬೇಡ. ಹಳೆಯ ಕಾಲದ ತೆರೆದ ಸುರುಳಿಗೆ ಅದರಿಂದ ಉಪಯೋಗ ಇತ್ತು. ಈಗಿನ ಬಹಳಷ್ಟು ಚೋಕ್‌ಗಳಲ್ಲಿ ತಂತಿ ಅಚ್ಚಿನೊಳಗೆ ಮುಚ್ಚಿಹೋಗಿರುತ್ತದೆ, ಅಂಟು ಒಳಗೆ ಇಳಿಯುವುದೇ ಇಲ್ಲ. ಗ್ಲೂ ಗನ್‌ನ ಅಂಟು ಕಾರ್ಡ್‌ನ ಬಿಸಿಗೆ ಮೆತ್ತಗಾಗುತ್ತದೆ. ಮೇಲಾಗಿ ಕೂಲರ್ ಬಿಚ್ಚಬೇಕು, ಥರ್ಮಲ್ ಪೇಸ್ಟ್ ಮತ್ತು ಪ್ಯಾಡ್ ಹೊಸದು ಹಾಕಬೇಕು. ಹೇಗೂ ಆ ಕೆಲಸಕ್ಕೆ ಬಿಚ್ಚಿದ ಹಳೆ ಕಾರ್ಡ್ ಆದರೆ, ಚೋಕ್ ಮತ್ತು ಹೀಟ್‌ಸಿಂಕ್ ನಡುವೆ ಸರಿಯಾದ ದಪ್ಪದ ಮೆತ್ತನೆಯ ಥರ್ಮಲ್ ಪ್ಯಾಡ್ ಕೂರಿಸಿ. ಅದುರುವಿಕೆ ಸ್ವಲ್ಪ ಹೀರಿಕೊಳ್ಳುತ್ತದೆ. ಪ್ಯಾಡ್ ದಪ್ಪ ಜಾಸ್ತಿಯಾದರೆ ಚಿಪ್‌ಗೂ ಕೂಲರ್‌ಗೂ ನಡುವೆ ಸಂದು ಬಿದ್ದು ಬಿಸಿ ಏರುತ್ತದೆ, ಅಷ್ಟು ಜೋಪಾನ.

ಸರ್ವಿಸ್ ಸೆಂಟರ್‌ಗೂ ಕೇಳಿದೆ. ಇದು ದೋಷದ ಲೆಕ್ಕಕ್ಕೆ ಬರುವುದಿಲ್ಲ, ಕಾರ್ಡ್ ಸರಿಯಾಗಿ ಕೆಲಸ ಮಾಡುತ್ತಿದೆ ಅಂದರು. ಕಾರ್ಡ್‌ಗೆ ಇದರಿಂದ ಹಾನಿ ಇಲ್ಲ ಅನ್ನುವುದು ನಿಜ. ಆದರೆ ನಮ್ಮ ಕಿವಿಗೆ ಹಿಂಸೆ ಅನ್ನುವುದೂ ನಿಜ, ಅಲ್ವಾ? ಆದ್ದರಿಂದ ಹೊಸ ಕಾರ್ಡ್ ತಂದವರು ಮೊದಲ ದಿನವೇ ಎಫ್‌ಪಿಎಸ್ ಮಿತಿ ತೆಗೆದು, ಒಂದು ಸರಳ ತ್ರೀಡಿ ಚಿತ್ರ ಓಡಿಸಿ, ಕೋಣೆಯ ಫ್ಯಾನ್ ನಿಲ್ಲಿಸಿ ಕೇಳಿ. ತೀರಾ ಜೋರಾಗಿದ್ದರೆ ಅಂಗಡಿಯವರು ವಾಪಸ್ ತೆಗೆದುಕೊಳ್ಳುವ ಅವಧಿ ಮುಗಿಯುವ ಮೊದಲೇ ಬದಲಿಸಿಕೊಡಲು ಕೇಳಿ. ಫೋನ್‌ನಲ್ಲಿ ಸದ್ದು ರೆಕಾರ್ಡ್ ಮಾಡಿಕೊಂಡು ಹೋಗಿ. ಅಂಗಡಿಯ ಗಲಾಟೆಯಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ.